ಎಳೆಯ ಮಕ್ಕಳೂ ಫೋನಿನ ಪರದೆಯೂ

(ಪಾಲಕರಿಗಾಗಿ ಒಂದು ಪಾಠ)

ಮಗುವಿನ ವಿದ್ಯಾಭ್ಯಾಸವು ಶಾಲೆಯಲ್ಲಿ ಆರಂಭವಾಗುವುದೆಂದು ವಾಡಿಕೆಯಲ್ಲಿ ಹೇಳುವುದುಂಟು. ವಿಚಾರಿಸಿ ನೋಡಿದರೆ ಈ ಮಾತು ಪೂರ್ಣವಾಗಿ ಸರಿಯಲ್ಲ. ಒಂದನೆಯ ತರಗತಿಯ ಬೆಂಚಿನ ಮೇಲೆ ಬಂದು ಕುಳಿತುಕೊಳ್ಳುವ ಮಗುವು ಅದಕ್ಕೆ ಮುನ್ನವೇ ಐದಾರು ವರ್ಷಗಳ ಪಾಠವನ್ನು ಮುಗಿಸಿಕೊಂಡು ಬಂದಿರುತ್ತದೆ. ಆ ಪಾಠದ ಉಪಾಧ್ಯಾಯರು ತಾಯಿ, ತಂದೆ, ಅಜ್ಜ, ಅಜ್ಜಿ ಮತ್ತು ನೆರೆಮನೆಯವರು. ಆ ಪಾಠಶಾಲೆಯ ಕೊಠಡಿಗಳು ಅಡುಗೆಮನೆ, ಜಗಲಿ ಮತ್ತು ಅಂಗಳ. ನಾವು ಶಾಲೆಯಲ್ಲಿ ಕಲಿಸುವುದೆಲ್ಲವೂ ಆ ಮೊದಲ ಪಾಠದ ಮೇಲೆಯೇ ನಿಂತಿರುತ್ತದೆ. ತಳಪಾಯವು ಗಟ್ಟಿಯಾಗಿದ್ದರೆ ನಮ್ಮ ಕೆಲಸ ಸುಲಭ. ಇಲ್ಲವಾದರೆ ಮಗುವಿಗೂ ಕಷ್ಟ, ನಮಗೂ ಕಷ್ಟ.

ಈಚಿನ ವರ್ಷಗಳಲ್ಲಿ ಮನೆಯ ಈ ಉಪಾಧ್ಯಾಯವರ್ಗಕ್ಕೆ ಹೊಸದೊಂದು ಸೇರ್ಪಡೆಯಾಗಿದೆ. ಅದೇ ಮೊಬೈಲ್ ಫೋನು. ಮಾತು ಬಾರದ ಕೂಸು ಅದರ ಪರದೆಯನ್ನು ಬೆರಳಿನಿಂದ ಸರಿಸಬಲ್ಲದು. ಮೂರು ವರ್ಷದ ಮಗು ತನಗೆ ಬೇಕಾದ ಕಾರ್ಟೂನನ್ನು ತಾನೇ ಹುಡುಕಿಕೊಳ್ಳಬಲ್ಲದು. ಇದನ್ನು ಕಂಡು ಹಿರಿಯರು ಹಿಗ್ಗುವುದೂ ಉಂಟು, ಒಳಗೊಳಗೇ ಚಿಂತಿಸುವುದೂ ಉಂಟು. ಶಾಲೆಯಲ್ಲಿ ನಡೆಯುವ ಪಾಲಕರ ಸಭೆಗಳಲ್ಲಿ ಈ ಚಿಂತೆಯು ಪದೇ ಪದೇ ವ್ಯಕ್ತವಾಗುತ್ತಿರುವುದರಿಂದ, ಹುಟ್ಟಿದಂದಿನಿಂದ ಐದು ವರ್ಷ ತುಂಬುವವರೆಗಿನ ಮಕ್ಕಳ ಬಗ್ಗೆ ಮಾತ್ರ ಇಲ್ಲಿ ವಿವೇಚಿಸಬೇಕೆಂದಿದ್ದೇವೆ. ಪರದೆಯ ಮುಂದೆ ಎಷ್ಟು ಹೊತ್ತು ಇರಬಹುದು, ಅದಕ್ಕೆ ಮಿತಿ ಏಕೆ ಬೇಕು, ಆ ಮಿತಿಯನ್ನು ಮನೆಯಲ್ಲಿ ಜಾರಿಗೆ ತರುವ ಬಗೆ ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಪಾಠದ ಉದ್ದೇಶ. ಪಾಲಕರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ.

೧. ಗಡಿನಾಡಿನವರಾದ ನಮಗೆ ಇದರ ವಿಶೇಷ ಸಂಬಂಧ

ಕಾಸರಗೋಡು ಪ್ರದೇಶವು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳ ರಾಜ್ಯಕ್ಕೆ ಸೇರಿದ್ದು ೧೯೫೬ನೆಯ ಇಸವಿ ನವೆಂಬರ್ ೧ರಂದು. ಅಂದಿನಿಂದ ಇಲ್ಲಿಯ ಕನ್ನಡ ಶಾಲೆಗಳಿಗೆ ಬರುವ ಮಕ್ಕಳ ಮನೆಮಾತು ಒಂದೇ ಬಗೆಯದಾಗಿಲ್ಲ. ಅದಕ್ಕೆ ಹಿಂದೆಯೂ ಆಗಿರಲಿಲ್ಲ. ಒಂದು ಮನೆಯಲ್ಲಿ ತುಳು, ಇನ್ನೊಂದರಲ್ಲಿ ಹವ್ಯಕ ಕನ್ನಡ, ಮತ್ತೊಂದರಲ್ಲಿ ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ. ಬೀದಿಯಲ್ಲಿ, ಬಸ್ಸಿನಲ್ಲಿ, ಕಛೇರಿಯಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಮಲಯಾಳ. ಹೀಗಿದ್ದರೂ ನಮ್ಮ ಮಕ್ಕಳು ತಲೆಮಾರುಗಳಿಂದ ಕನ್ನಡದಲ್ಲಿ ಓದಿ ಬರೆದು ಮುಂದೆ ಬಂದಿದ್ದಾರೆ. ಮನೆಯಲ್ಲಿ ಯಾವ ನುಡಿಯಲ್ಲಾದರೂ ಮಾತುಕತೆ ಧಾರಾಳವಾಗಿ ನಡೆಯುತ್ತಿತ್ತು. ಅಜ್ಜಿಯ ಕತೆ, ಭಜನೆ, ಯಕ್ಷಗಾನದ ಅರ್ಥಗಾರಿಕೆ, ನೆಂಟರ ಹರಟೆ ಇವುಗಳ ಮೂಲಕ ಕನ್ನಡವು ಮಗುವಿನ ಕಿವಿಗೆ ತಾನಾಗಿಯೇ ಬೀಳುತ್ತಿತ್ತು.

ಒಂದು ನುಡಿಯಲ್ಲಿ ಚೆನ್ನಾಗಿ ಮಾತನಾಡಬಲ್ಲ ಮಗುವು ಎರಡನೆಯ ನುಡಿಯನ್ನು ಬೇಗನೆ ಹಿಡಿಯುತ್ತದೆ ಎಂಬುದು ಉಪಾಧ್ಯಾಯರಾದ ನಮಗೆ ದಿನನಿತ್ಯದ ಅನುಭವ. ತುಳು ಮಾತನಾಡುವ ಮಗುವಿಗೆ ಕನ್ನಡ ಕಲಿಸುವುದು ನಮಗೆ ಎಂದೂ ಹೊರೆಯೆನಿಸಿಲ್ಲ. ಯಾವ ನುಡಿಯಲ್ಲಿಯೂ ನಾಲ್ಕು ವಾಕ್ಯಗಳನ್ನು ಜೋಡಿಸಿ ಹೇಳಲಾರದೆ, ಕೇಳಿದ ಪ್ರಶ್ನೆಗೆ ಮುಖವೆತ್ತಿ ಉತ್ತರಿಸಲಾರದೆ ಬರುವ ಮಗುವಿಗೆ ಕಲಿಸುವುದು ಮಾತ್ರ ಕಷ್ಟ. ಅಂಥ ಮಕ್ಕಳಲ್ಲಿ ಕೆಲವರು ಕಾರ್ಟೂನಿನ ಹಿಂದಿ ಅಥವಾ ಇಂಗ್ಲಿಷು ನುಡಿತುಣುಕುಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ, “ನಿನ್ನೆ ಮನೆಯಲ್ಲಿ ಏನಾಯಿತು, ಮಗೂ?” ಎಂದು ಕೇಳಿದರೆ ಸುಮ್ಮನಿರುತ್ತಾರೆ. ಗಡಿನಾಡಿನಲ್ಲಿ ಕನ್ನಡ ಶಾಲೆಯ ಅಳಿವು ಉಳಿವು ಸರಕಾರದ ಆಜ್ಞೆಗಳನ್ನು ಅವಲಂಬಿಸಿರುವಂತೆಯೇ, ಶಾಲೆಗೆ ಬರುವ ಮಗುವಿನ ಬಾಯಲ್ಲಿ ಮಾತು ಇದೆಯೋ ಇಲ್ಲವೋ ಎಂಬುದನ್ನೂ ಅವಲಂಬಿಸಿದೆ.

೨. ಎಷ್ಟು ಹೊತ್ತು?

ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರ ಏಪ್ರಿಲ್ ತಿಂಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ, ಕುಳಿತಿರುವ ಹೊತ್ತು ಮತ್ತು ನಿದ್ರೆ ಇವುಗಳ ಬಗ್ಗೆ ಸೂಚನೆಗಳನ್ನು ಪ್ರಕಟಿಸಿತು. ಅದರಂತೆ ಒಂದು ವರ್ಷ ತುಂಬದ ಕೂಸಿಗೆ ಪರದೆಯೇ ಕೂಡದು. ಒಂದರಿಂದ ಎರಡು ವರ್ಷದ ವರೆಗೂ ಅದು ಯೋಗ್ಯವಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು. ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಭಾರತದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಂಸ್ಥೆಯು ೨೦೨೨ರಲ್ಲಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಎರಡು ವರ್ಷದೊಳಗೆ ಪರದೆ ಬೇಡ, ದೂರದಲ್ಲಿರುವ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ನಡೆಸುವ ವೀಡಿಯೋ ಕರೆಗೆ ಮಾತ್ರ ವಿನಾಯಿತಿ. ಎರಡರಿಂದ ಐದು ವರ್ಷದ ವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಒಂದು ಗಂಟೆಯೆಂಬುದು ಫೋನು, ಟಿ.ವಿ., ಟ್ಯಾಬ್ಲೆಟ್ಟು ಎಲ್ಲವನ್ನೂ ಕೂಡಿಸಿದ ಲೆಕ್ಕ. ಬೆಳಗ್ಗೆ ದೋಸೆ ತಿನ್ನುವಾಗ ಇಪ್ಪತ್ತು ನಿಮಿಷ, ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ, ಸಂಜೆ ಅಜ್ಜಿಯ ಜೊತೆಗೆ ಧಾರಾವಾಹಿ ಒಂದು ಗಂಟೆ, ರಾತ್ರಿ ಮಲಗಿಸುವಾಗ ಇನ್ನರ್ಧ ಗಂಟೆ ಎಂದು ಕೂಡಿಸುತ್ತ ಹೋದರೆ, “ನಮ್ಮ ಮಗು ಫೋನನ್ನು ಅಷ್ಟೇನೂ ನೋಡುವುದಿಲ್ಲ” ಎನ್ನುವ ಮನೆಯಲ್ಲಿಯೂ ಎರಡು ಗಂಟೆ ಮೀರುತ್ತದೆ.

೩. ಪರದೆಯಿಂದ ಮಗು ಮಾತು ಕಲಿಯುವುದೇ?

“ಫೋನಿನಲ್ಲಿಯೂ ಕನ್ನಡದ ಹಾಡುಗಳಿವೆಯಲ್ಲ, ಅಕ್ಷರಮಾಲೆಯಿದೆಯಲ್ಲ, ಮಗು ಅದರಿಂದ ಕಲಿಯಲಿ” ಎಂದು ಅನೇಕ ಪಾಲಕರು ವಾದಿಸುವುದುಂಟು. ಈ ವಾದವನ್ನು ತಳ್ಳಿಹಾಕದೆ ಪರೀಕ್ಷಿಸಿ ನೋಡೋಣ. ಇದನ್ನು ಪ್ರಯೋಗದ ಮೂಲಕ ಪರೀಕ್ಷಿಸಿದ ವಿದ್ವಾಂಸರಿದ್ದಾರೆ.

ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಇಂಗ್ಲಿಷು ಮಾತನಾಡುವ ಮನೆಗಳ ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ನುಡಿಯನ್ನು ಹನ್ನೆರಡು ಬಾರಿ ಕೇಳಿಸಲಾಯಿತು. ಕೆಲವು ಶಿಶುಗಳ ಮುಂದೆ ಚೀನೀ ನುಡಿಯವರೇ ಬಂದು ಕುಳಿತು, ಪುಸ್ತಕ ತೋರಿಸಿ, ಆಟಿಕೆ ಹಿಡಿದು ಮಾತನಾಡಿದರು. ಇನ್ನು ಕೆಲವು ಶಿಶುಗಳಿಗೆ ಅಂಥವೇ ಮಾತುಗಳನ್ನು ಟಿ.ವಿ. ಪರದೆಯ ಮೂಲಕ ಅಥವಾ ಬರಿಯ ಧ್ವನಿಯ ಮೂಲಕ ಕೇಳಿಸಿದರು. ಆಮೇಲೆ ಪರೀಕ್ಷಿಸಿದಾಗ, ಎದುರಿಗೆ ಮನುಷ್ಯರನ್ನು ಕಂಡ ಶಿಶುಗಳು ಆ ನುಡಿಯ ಧ್ವನಿಭೇದವನ್ನು ಗುರುತಿಸಬಲ್ಲವಾಗಿದ್ದುವು. ಪರದೆಯ ಮುಂದೆ ಕುಳಿತವು ಏನನ್ನೂ ಕಲಿತಿರಲಿಲ್ಲ. ನುಡಿ ಒಂದೇ, ವೇಳೆಯೂ ಒಂದೇ. ಎದುರಿಗೆ ಮನುಷ್ಯರಿದ್ದರೇ ಇಲ್ಲವೇ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

೨೦೧೦ರಲ್ಲಿ ಜೂಡಿ ಡಿಲೋಶ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಪ್ರಯೋಗ ಪಾಲಕರಿಗೆ ಇನ್ನೂ ಹತ್ತಿರದ್ದು. ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಪದ ಕಲಿಸುವ ವೀಡಿಯೋವನ್ನು ನಾಲ್ಕು ವಾರಗಳ ಕಾಲ ಮನೆಯಲ್ಲಿ ಮತ್ತೆ ಮತ್ತೆ ತೋರಿಸಲಾಯಿತು. ಬೇರೊಂದು ಗುಂಪಿನಲ್ಲಿ ವೀಡಿಯೋ ಇಲ್ಲದೆ ತಾಯಿತಂದೆಗಳೇ ತಮಗೆ ತೋಚಿದಂತೆ ಅದೇ ಪದಗಳನ್ನು ಕಲಿಸಿದರು. ಹೆಚ್ಚು ಪದಗಳನ್ನು ಕಲಿತವರು ಈ ಎರಡನೆಯ ಗುಂಪಿನವರು. ವೀಡಿಯೋ ನೋಡಿದ ಮಕ್ಕಳು ಏನನ್ನೂ ನೋಡದ ಮಕ್ಕಳಿಗಿಂತ ಮುಂದೆ ಹೋಗಿರಲಿಲ್ಲ. ಅದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ವೀಡಿಯೋವನ್ನು ಮೆಚ್ಚಿಕೊಂಡಿದ್ದ ಪಾಲಕರು ತಮ್ಮ ಮಗು ಅದರಿಂದ ಬಹಳ ಕಲಿಯಿತೆಂದು ನಂಬಿದ್ದರು. ನಮ್ಮ ಮೆಚ್ಚಿಕೆ ಬೇರೆ, ಮಗುವಿನ ಕಲಿಕೆ ಬೇರೆ.

ಹೀಗಾಗುವುದೇಕೆ? ಮಗುವು ಅಂಗಳದಲ್ಲಿ ಬೆರಳು ತೋರಿಸಿ “ಕಾಕಾ” ಎನ್ನುತ್ತದೆ. ಅಜ್ಜಿಯು, “ಹೌದು ಮಗಾ, ಕಾಗೆ. ಕಾಗೆ ಎಲ್ಲಿ ಕುಳಿತಿದೆ? ತೆಂಗಿನ ಮರದಲ್ಲಿ ಅಲ್ಲವೇ?” ಎನ್ನುತ್ತಾಳೆ. ಮಗು ಮತ್ತೆ ನೋಡುತ್ತದೆ, ಮತ್ತೆ ಏನನ್ನೋ ಹೇಳುತ್ತದೆ. ಅಜ್ಜಿಯ ಮಾತು ಮಗುವಿನ ನೋಟವನ್ನು ಹಿಂಬಾಲಿಸುತ್ತದೆ. ಮಗು ತಪ್ಪಿದರೆ ತಿದ್ದುತ್ತದೆ, ಸುಮ್ಮನಾದರೆ ಕಾಯುತ್ತದೆ. ಮಾತೆಂಬುದು ಬೆಳೆಯುವುದು ಈ ಕೊಡುಕೊಳ್ಳುವಿಕೆಯಿಂದ. ಪರದೆಯು ಮಾತನಾಡುತ್ತದೆ, ಆದರೆ ಮರುಮಾತು ಆಡುವುದಿಲ್ಲ. ಮಗು ಕಾಗೆಯನ್ನು ತೋರಿಸಿದಾಗ ಅದು ಆನೆಯ ಹಾಡನ್ನು ಹಾಡುತ್ತಲೇ ಇರುತ್ತದೆ. ನಮ್ಮ ಇಡೀ ಪಾಠದ ತಿರುಳು ಇಷ್ಟೇ. ಎಳೆಯ ಮಗುವಿಗೆ ಬೇಕಾದುದು ಮರುಮಾತು; ಪರದೆಯ ಮುಂದೆ ಕಳೆದ ಹೊತ್ತೆಲ್ಲ ಮರುಮಾತಿಲ್ಲದ ಹೊತ್ತು.

ಯಾರೂ ನೋಡದಿದ್ದರೂ ಟಿ.ವಿ.ಯನ್ನು ಸುಮ್ಮನೆ ಹಾಕಿಡುವುದೂ ಇದೇ ಕಾರಣದಿಂದ ಒಳ್ಳೆಯದಲ್ಲ. ಎಳೆಯ ಮಕ್ಕಳ ಉಡುಪಿನಲ್ಲಿ ಧ್ವನಿಮುದ್ರಣ ಯಂತ್ರವನ್ನಿಟ್ಟು ಮನೆಯ ಮಾತುಗಳನ್ನು ಎಣಿಸಿದ ಅಧ್ಯಯನವೊಂದು ಅಮೆರಿಕದಲ್ಲಿ ೨೦೦೯ರಲ್ಲಿ ಪ್ರಕಟವಾಯಿತು. ಟಿ.ವಿ. ಕೇಳಿಸುತ್ತಿದ್ದ ಹೊತ್ತಿನಲ್ಲಿ ದೊಡ್ಡವರೂ ಕಡಿಮೆ ಮಾತನಾಡುತ್ತಿದ್ದರು, ಮಕ್ಕಳೂ ಕಡಿಮೆ ಮಾತನಾಡುತ್ತಿದ್ದರು.

೪. ನಿದ್ರೆ, ಊಟ, ಆಟ

ಮಾತಿನ ಜೊತೆಗೆ ಪರದೆಯು ಮಗುವಿನ ಇತರ ಮೂರು ಅಗತ್ಯಗಳ ವೇಳೆಯನ್ನೂ ಕಬಳಿಸುತ್ತದೆ.

ಒಂದನೆಯದು ನಿದ್ರೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ, ಹಗಲಿನ ನಿದ್ರೆಯೂ ಸೇರಿ, ೧೧ರಿಂದ ೧೪ ಗಂಟೆಗಳ ನಿದ್ರೆ ಬೇಕು. ಮೂರು ನಾಲ್ಕು ವರ್ಷದವರಿಗೆ ೧೦ರಿಂದ ೧೩ ಗಂಟೆ. ಕತ್ತಲಾಗುತ್ತ ಬಂದಂತೆ ದೇಹದಲ್ಲಿ ಮೆಲಟೋನಿನ್ ಎಂಬ ರಸವು ಹೆಚ್ಚಿ ನಿದ್ರೆಗೆ ಸಿದ್ಧತೆಯಾಗುತ್ತದೆ. ಆ ವೇಳೆಯಲ್ಲಿ ಕಣ್ಣಿಗೆ ಪ್ರಖರವಾದ ಬೆಳಕು ಬಿದ್ದರೆ ಅದು ಕುಗ್ಗುತ್ತದೆ. ಎಳೆಯ ಮಕ್ಕಳಲ್ಲಿ ಈ ಪರಿಣಾಮ ವಿಶೇಷ. “ಫೋನು ತೋರಿಸಿದರೆ ಮಾತ್ರ ಮಲಗುತ್ತದೆ” ಎಂಬ ಮಗುವು ವಾಸ್ತವವಾಗಿ ಫೋನಿನಿಂದಲೇ ತಡವಾಗಿ ಮಲಗುತ್ತಿರಬಹುದು.

ಎರಡನೆಯದು ಊಟ. ಪರದೆಯನ್ನು ನೋಡುತ್ತ ಬಾಯಿ ತೆರೆಯುವ ಮಗುವಿಗೆ ತಾನು ಏನನ್ನು ತಿನ್ನುತ್ತಿದ್ದೇನೆ, ಹೊಟ್ಟೆ ತುಂಬಿತೇ ಇಲ್ಲವೇ ಎಂಬುದರ ಅರಿವಿರುವುದಿಲ್ಲ. ಅನ್ನ ಒಳಗೆ ಹೋಯಿತೆಂದು ತಾಯಿಗೆ ಸಮಾಧಾನವಾಗುತ್ತದೆ. ಊಟ ಮಾಡುವುದನ್ನು ಮಾತ್ರ ಮಗು ಕಲಿಯುವುದಿಲ್ಲ.

ಮೂರನೆಯದು ಆಟ. ನಡೆಯಲು ಕಲಿತ ಮಗುವಿಗೆ ದಿನಕ್ಕೆ ಕನಿಷ್ಠ ಮೂರು ಗಂಟೆಗಳ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಓಡಾಟದಿಂದ ಮೈಗೆ ಬಲ ಬರುತ್ತದೆ. ಬಯಲಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷವೂ ಕಡಿಮೆ. ಮುಂದೆ ಪೆನ್ಸಿಲು ಹಿಡಿಯಬೇಕಾದ ಬೆರಳುಗಳು ಬಲಿಯುವುದು ಮಣ್ಣು ಕಲಸುವುದರಿಂದ, ಹಗ್ಗ ಎಳೆಯುವುದರಿಂದ, ಮುಚ್ಚಳ ತಿರುಗಿಸುವುದರಿಂದ. ಗಾಜಿನ ಮೇಲೆ ಬೆರಳು ಜಾರಿಸುವುದರಿಂದಲ್ಲ.

೫. ಫೋನು ಮಗುವಿನ ಕೈಗೆ ಏಕೆ ಬಂದಿತು?

ರೋಗವನ್ನು ತಿಳಿಯದೆ ಔಷಧ ಹೇಳಲಾಗದು. ೨೦೨೦ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದುವು. ಅದೇ ವರ್ಷದ ಜೂನ್ ೧ರಿಂದ ನಮ್ಮ ರಾಜ್ಯದಲ್ಲಿ ‘ಫಸ್ಟ್ ಬೆಲ್’ ಎಂಬ ಹೆಸರಿನಲ್ಲಿ ಪಾಠಗಳು ವಿಕ್ಟರ್ಸ್ ವಾಹಿನಿಯ ಮೂಲಕ ಮನೆಗಳಿಗೆ ಬಂದುವು. ಅಣ್ಣ ಅಕ್ಕಂದಿರ ಪಾಠಕ್ಕೆಂದು ಕೊಂಡ ಫೋನು ತೊಟ್ಟಿಲಿನ ಬಳಿಗೂ ಬಂದಿತು. ಶಾಲೆ ತೆರೆದ ಮೇಲೆಯೂ ಅದು ಅಲ್ಲಿಯೇ ಉಳಿಯಿತು.

ಅದು ಉಳಿಯಲು ಮನೆಯ ಪರಿಸ್ಥಿತಿಯೂ ಕಾರಣ. ಹಿಂದೆ ಒಂದು ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಹತ್ತು ಕೈಗಳಿದ್ದುವು. ಈಗ ಅನೇಕ ಮನೆಗಳಲ್ಲಿ ತಂದೆ ಗಲ್ಫಿನಲ್ಲಿ. ತಾಯಿಯೊಬ್ಬಳೇ ಅಡುಗೆ, ಬಟ್ಟೆ, ದನಕರು, ಬೀಡಿಯ ಸೂಪು, ಹಿರಿಯರ ಆರೈಕೆ ಎಲ್ಲವನ್ನೂ ನೋಡಿಕೊಳ್ಳಬೇಕು. ಅರ್ಧ ಗಂಟೆ ಮಗು ಸುಮ್ಮನೆ ಕುಳಿತರೆ ಅವಳಿಗೆ ಒಂದು ಕೆಲಸ ಮುಗಿಯುತ್ತದೆ. ಅಜ್ಜಿಗೆ ಮೊಣಕಾಲು ನೋವು; ಓಡುವ ಮಗುವಿನ ಹಿಂದೆ ಓಡಲಾರರು. ಇಂಥ ತಾಯಿಗೂ ಅಜ್ಜಿಗೂ “ಫೋನು ಕೊಡಬೇಡಿರಿ” ಎಂದು ಬರಿದೆ ಉಪದೇಶಿಸುವುದು ಅನ್ಯಾಯ. ಫೋನು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾವುದು ಮಾಡಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

೬. ಮಿತಗೊಳಿಸುವ ಕ್ರಮ

(ಅ) ಮೊದಲು ಲೆಕ್ಕ. ಮೂರು ದಿನ ಒಂದು ಕಾಗದದಲ್ಲಿ, ಮಗುವಿನ ಮುಂದೆ ಪರದೆ ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಏಕೆ ಕೊಡಬೇಕಾಯಿತು ಎಂದು ಬರೆದಿಡಿರಿ. ಮೂರನೆಯ ದಿನ ನೋಡಿದರೆ, ಫೋನು ಬರುವ ವೇಳೆಗಳು ನಾಲ್ಕೈದು ಮಾತ್ರ ಎಂದು ಕಾಣುತ್ತದೆ. ಒಂದೊಂದನ್ನೇ ಸರಿಪಡಿಸಬಹುದೆಂಬ ಧೈರ್ಯವೂ ಬರುತ್ತದೆ.

(ಆ) ಮೊದಲು ಊಟ, ಆಮೇಲೆ ನಿದ್ರೆ. ಒಂದೇ ದಿನ ಎಲ್ಲವನ್ನೂ ನಿಲ್ಲಿಸುವುದಕ್ಕಿಂತ ವಾರಕ್ಕೊಂದರಂತೆ ತೆಗೆಯುವುದು ಸುಲಭ. ಊಟದ ವೇಳೆ ದಿನವೂ ಒಂದೇ ಆಗಿರುವುದರಿಂದ ಅಲ್ಲಿಂದ ಆರಂಭಿಸಿರಿ. ಮಗುವನ್ನು ದೊಡ್ಡವರ ಪಂಕ್ತಿಯಲ್ಲಿಯೇ ಕುಳ್ಳಿರಿಸಿ, ಅದರದೇ ಒಂದು ಸಣ್ಣ ಬಟ್ಟಲು ಕೊಟ್ಟು, ಕೈಯಿಂದ ತಿನ್ನಲು ಬಿಡಿರಿ. ಚೆಲ್ಲುತ್ತದೆ, ಚೆಲ್ಲಲಿ. ಒಂದೆರಡು ದಿನ ಕಡಿಮೆ ತಿಂದರೆ ಆರೋಗ್ಯವಂತ ಮಗುವಿಗೆ ಹಾನಿಯಿಲ್ಲ. ಹಸಿವಾದಾಗ ತಾನೇ ಕೇಳುತ್ತದೆ. ಎರಡನೆಯ ವಾರದಲ್ಲಿ, ಮಲಗುವ ಒಂದು ಗಂಟೆ ಮುಂಚೆ ಮನೆಯ ಪರದೆಗಳೆಲ್ಲ ಆರಲಿ. ಕೈಕಾಲು ತೊಳೆಯುವುದು, ದೀಪಕ್ಕೆ ನಮಸ್ಕಾರ ಅಥವಾ ಆಯಾ ಮನೆಯ ಪ್ರಾರ್ಥನೆ, ಒಂದು ಕತೆ, ನಿದ್ರೆ. ಈ ಕ್ರಮ ದಿನವೂ ಬದಲಾಗದಿರಲಿ. ಕ್ರಮವೇ ಮಗುವಿಗೆ ಜೋಗುಳ.

(ಇ) ಮೊದಲೇ ಹೇಳಿ, ಹೇಳಿದಂತೆ ನಡೆಯುವುದು. ಎರಡು ವರ್ಷ ದಾಟಿದ ಮಗುವಿಗೆ ಪರದೆಯನ್ನು ಕೊಡುವುದಾದರೆ ವೇಳೆಯೂ ಸ್ಥಳವೂ ನಿಶ್ಚಯವಾಗಿರಲಿ. ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷದಂತೆ, ಜಗಲಿಯಲ್ಲಿ, ಒಬ್ಬರು ದೊಡ್ಡವರು ಪಕ್ಕದಲ್ಲಿರುವಾಗ. “ಈ ಒಂದು ಕತೆ ಮುಗಿದ ಮೇಲೆ ಮುಚ್ಚೋಣ” ಎಂದು ಆರಂಭದಲ್ಲಿಯೇ ಹೇಳಿರಿ. ಒಂದು ಮುಗಿದೊಡನೆ ಇನ್ನೊಂದು ತಾನಾಗಿಯೇ ತೊಡಗುವ ಏರ್ಪಾಡು ಫೋನಿನಲ್ಲಿರುತ್ತದೆ, ಅದನ್ನು ನಿಲ್ಲಿಸಿಡಿರಿ. ಮುಚ್ಚುವ ಕೆಲಸವನ್ನು ಮಗುವಿನ ಬೆರಳಿನಿಂದಲೇ ಮಾಡಿಸಿರಿ. ಮುಚ್ಚಿದ ಮೇಲೆ, “ಆ ಮೊಲ ಎಲ್ಲಿಗೆ ಓಡಿತು?” ಎಂದು ಕೇಳಿರಿ, ನೋಡಿದ್ದು ಮಾತಾಗಲಿ.

(ಈ) ಹಠಕ್ಕೆ ಸೋಲದಿರುವುದು. ಮೊದಲ ಕೆಲವು ದಿನ ಮಗು ಅಳುತ್ತದೆ, ನೆಲದ ಮೇಲೆ ಬಿದ್ದು ಹೊರಳುತ್ತದೆ. ಮೂರು ಸಲ ಅತ್ತ ಮೇಲೆ ಫೋನು ಕೊಟ್ಟರೆ, ಫೋನಿನ ಬೆಲೆ ಮೂರು ಅಳು ಎಂದು ಮಗು ಕಲಿಯುತ್ತದೆ; ನಾಳೆ ನಾಲ್ಕು ಸಲ ಅಳಲು ಸಿದ್ಧವಾಗುತ್ತದೆ. ಗದರಿಸುವುದೂ ಬೇಡ, ಹೊಡೆಯುವುದಂತೂ ಬೇಡವೇ ಬೇಡ. ಪಕ್ಕದಲ್ಲಿ ಕುಳಿತು, “ನಿನಗೆ ಬೇಸರವಾಯಿತು, ನನಗೆ ಗೊತ್ತು” ಎಂದು ಹೇಳಿ, ಅಳು ಇಳಿದ ಮೇಲೆ ಎತ್ತಿಕೊಂಡು ಹೊರಗೆ ಹೋಗಿರಿ. ದೃಢತೆಯೂ ಮೃದುತ್ವವೂ ಒಂದೇ ಕೈಯಲ್ಲಿರಬಹುದು. ಫೋನನ್ನು ಬಹುಮಾನವಾಗಿಯೂ ಶಿಕ್ಷೆಯಾಗಿಯೂ ಬಳಸದಿರುವುದು ಲೇಸು. ಹಾಗೆ ಬಳಸಿದರೆ ಅದರ ಮೇಲಿನ ಆಸೆ ಇಮ್ಮಡಿಯಾಗುತ್ತದೆ.

(ಉ) ಮನೆಯವರೆಲ್ಲರ ಒಮ್ಮತ. ಅಮ್ಮ ಇಲ್ಲವೆಂದುದನ್ನು ಅಜ್ಜ ಗುಟ್ಟಾಗಿ ಕೊಟ್ಟರೆ ನಿಯಮ ನಿಲ್ಲುವುದಿಲ್ಲ. ಹಿರಿಯರನ್ನು ಕುಳ್ಳಿರಿಸಿ, ವೈದ್ಯರು ಹೀಗೆ ಹೇಳಿದ್ದಾರೆಂದು ವಿನಯದಿಂದ ತಿಳಿಸಿರಿ. ಕತೆ ಹೇಳುವ ಕೆಲಸವನ್ನು ಅವರಿಗೇ ಒಪ್ಪಿಸಿರಿ. ಕೆಲಸ ಸಿಕ್ಕಿದ ಹಿರಿಯರು ನಿಯಮದ ಕಾವಲುಗಾರರೂ ಆಗುತ್ತಾರೆ.

(ಊ) ದೊಡ್ಡವರ ಫೋನು. ಮಗುವಿನೊಡನೆ ಇರುವಾಗ ತಂದೆ ತಾಯಿ ತಮ್ಮ ಫೋನನ್ನೇ ನೋಡುತ್ತಿದ್ದರೆ ಆಗಲೂ ಮರುಮಾತು ನಿಂತುಹೋಗುತ್ತದೆ. ಮನೆಗೆ ಬಂದೊಡನೆ ಫೋನನ್ನು ಒಂದು ಕಪಾಟಿನ ಮೇಲಿಟ್ಟು, ಕರೆ ಬಂದರೆ ಮಾತ್ರ ತೆಗೆದುಕೊಳ್ಳುವ ಅಭ್ಯಾಸ ಒಳ್ಳೆಯದು.

ಗಲ್ಫಿನಲ್ಲಿರುವ ತಂದೆಯ ವೀಡಿಯೋ ಕರೆಯ ವಿಷಯದಲ್ಲಿ ಯಾರಿಗೂ ಆತಂಕ ಬೇಡ. ಎರಡರಿಂದ ಎರಡೂವರೆ ವರ್ಷದ ಮಕ್ಕಳ ಮೇಲೆ ನಡೆದು ೨೦೧೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲೇ ಮುದ್ರಿಸಿದ ವೀಡಿಯೋದಿಂದ ಹೊಸ ಪದ ಕಲಿಯದ ಮಕ್ಕಳು, ವೀಡಿಯೋ ಕರೆಯಲ್ಲಿ ತಮ್ಮೊಡನೆ ನೇರವಾಗಿ ಮಾತನಾಡಿದವರಿಂದ ಕಲಿತರು. ಪರದೆಯೇ ಆದರೂ ಅಲ್ಲಿ ಮರುಮಾತು ಇರುತ್ತದೆ. ಆದುದರಿಂದ ತಂದೆಯು ದಿನವೂ ಒಂದೇ ಹೊತ್ತಿಗೆ ಕರೆಮಾಡಿ, “ಊಟ ಆಯಿತೇ?” ಎಂಬಲ್ಲಿಗೆ ನಿಲ್ಲಿಸದೆ, “ಇವತ್ತು ಏನು ಆಡಿದೆ? ಅದನ್ನು ತಂದು ಅಪ್ಪನಿಗೆ ತೋರಿಸು” ಎಂದು ಕೇಳಲಿ, ಐದು ನಿಮಿಷದ ಒಂದು ಕತೆಯನ್ನು ತಮ್ಮ ಮನೆಮಾತಿನಲ್ಲಿ ಹೇಳಲಿ. ಸಾವಿರಾರು ಮೈಲಿ ದೂರದಲ್ಲಿದ್ದರೂ ಅವರು ಮಗುವಿನ ಉಪಾಧ್ಯಾಯರಾಗಬಲ್ಲರು.

೭. ತೆರವಾದ ಹೊತ್ತಿಗೆ ಏನು ಕೊಡಬೇಕು?

ಫೋನನ್ನು ಕಿತ್ತುಕೊಂಡು ಕೈಯನ್ನು ಬರಿದಾಗಿ ಬಿಟ್ಟರೆ ಮಗು ಮತ್ತೆ ಫೋನನ್ನೇ ಕೇಳುತ್ತದೆ. ಹಣ ಖರ್ಚಿಲ್ಲದ ಸಾಮಗ್ರಿ ನಮ್ಮ ತೋಟದ ಮನೆಗಳಲ್ಲಿ ಬೇಕಾದಷ್ಟಿದೆ. ಅಡಿಕೆಯ ಹಾಳೆಯಲ್ಲಿ ಕುಳ್ಳಿರಿಸಿ ಅಂಗಳದಲ್ಲಿ ಎಳೆದರೆ ಅದಕ್ಕಿಂತ ಮಿಗಿಲಾದ ಬಂಡಿಯಿಲ್ಲ. ತೆಂಗಿನ ಗರಿಯ ಪೀಪಿ, ಹಲಸಿನೆಲೆಯ ಕಿರೀಟ, ಗೆರಟೆಯಲ್ಲಿ ಮಣ್ಣಿನ ಅಡುಗೆ, ಕಣ್ಣುಮುಚ್ಚಾಲೆ ಇವು ಹಿರಿಯರೆಲ್ಲರೂ ಬಲ್ಲ ಆಟಗಳು.

ತಾಯಿಗೆ ಅಡುಗೆಯ ಕೆಲಸವಿರುವಾಗ ಮಗುವಿಗೂ ಒಂದು ಕೆಲಸ ಕೊಡಿರಿ. ಎರಡು ವರ್ಷದ ಮಗು ಬುಟ್ಟಿಯಿಂದ ಬುಟ್ಟಿಗೆ ಈರುಳ್ಳಿ ತುಂಬಬಲ್ಲದು. ಮೂರು ವರ್ಷದ್ದು ಬಸಳೆಯ ಎಲೆ ಬಿಡಿಸಬಲ್ಲದು. ನಾಲ್ಕು ವರ್ಷದ್ದು ಅಲಸಂಡೆಯನ್ನು ಮುರಿದು ಕೊಡಬಲ್ಲದು, ಒಗೆದ ಬಟ್ಟೆಗಳಲ್ಲಿ ತನ್ನದನ್ನು ಆರಿಸಬಲ್ಲದು. ಕೆಲಸ ನಡೆಯುತ್ತಿರುವಾಗಲೇ ಮಾತು ನಡೆಯಲಿ: “ಇದು ಸಣ್ಣದು, ಇದು ದೊಡ್ಡದು, ಇನ್ನೆಷ್ಟು ಉಳಿಯಿತು?” ಗಣಿತದ ಮೊದಲ ಪಾಠವೂ ಇದೇ. ಒಲೆ, ಕತ್ತಿ, ಬಾವಿಕಟ್ಟೆ ಇವುಗಳಿಂದ ಮಾತ್ರ ಮಗು ದೂರವಿರಬೇಕು. ಬೀಡಿ ಕಟ್ಟುವ ತಾಯಂದಿರು ಹೊಗೆಸೊಪ್ಪಿನ ಧೂಳು ತಾಗದಷ್ಟು ದೂರದಲ್ಲಿ, ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಮಗುವನ್ನು ಕುಳ್ಳಿರಿಸಲಿ. ಕೈಗೆ ಕೆಲಸವಿದ್ದರೂ ಬಾಯಿಗೆ ಬಿಡುವಿರುತ್ತದೆ.

ಮಳೆಗಾಲದಲ್ಲಿ ಮಕ್ಕಳು ವಾರಗಟ್ಟಲೆ ಒಳಗೇ ಇರಬೇಕಾಗುತ್ತದೆ. ಫೋನಿನ ಹಾವಳಿಯೂ ಆಗಲೇ ಹೆಚ್ಚು. ನಮ್ಮ ಹಿರಿಯರು ಆಟಿ ತಿಂಗಳಿಗೆ ಚೆನ್ನೆಮಣೆಯನ್ನು ಇಟ್ಟುಕೊಂಡಿದ್ದುದು ಎಷ್ಟು ವಿವೇಕದ ಮಾತು! ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿಯಂತೆ ಒಟ್ಟು ೫೬ ಕಾಯಿಗಳು. ನಾಲ್ಕು ವರ್ಷದ ಮಗುವಿಗೆ ಪೂರ್ತಿ ಆಟ ಬಾರದಿದ್ದರೂ ಗುಳಿಗೆ ನಾಲ್ಕರಂತೆ ಎಣಿಸಿ ತುಂಬುವುದೇ ಅದಕ್ಕೆ ದೊಡ್ಡ ಆಟ. ಮೂರು ವರ್ಷದೊಳಗಿನವರ ಕೈಗೆ ಮಾತ್ರ ಸಣ್ಣ ಕಾಯಿಗಳನ್ನು ಕೊಡಬಾರದು, ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಗುಲಗಂಜಿಯು ವಿಷವಾದುದರಿಂದ ಅದು ಯಾವ ವಯಸ್ಸಿನ ಮಗುವಿಗೂ ಕೂಡದು.

ಚಿತ್ರದ ಪುಸ್ತಕವೊಂದನ್ನು ದಿನಕ್ಕೆ ಹತ್ತು ನಿಮಿಷ ಮಗುವಿನೊಡನೆ ತೆರೆಯಿರಿ. ಓದು ಬಾರದ ಅಜ್ಜಿಯೂ ಚಿತ್ರ ತೋರಿಸಿ ಕತೆ ಕಟ್ಟಬಲ್ಲರು. ಪಂಜೆ ಮಂಗೇಶರಾಯರ ಕಾಲದಿಂದ ಮಕ್ಕಳಿಗಾಗಿಯೇ ಬರೆದ ಪದ್ಯಗಳು ಕನ್ನಡದಲ್ಲಿ ಹೇರಳವಾಗಿವೆ. ಮನೆಮಾತು ಯಾವುದೇ ಇರಲಿ, ದಿನಕ್ಕೊಂದು ಕನ್ನಡ ಪದ್ಯವನ್ನು ಕೈತಟ್ಟಿ ಹಾಡಿಸಿದರೆ ಶಾಲೆಯ ಬಾಗಿಲಲ್ಲಿ ಕನ್ನಡವು ಮಗುವಿಗೆ ಅಪರಿಚಿತವಾಗಿರುವುದಿಲ್ಲ. ಇದಕ್ಕಾಗಿ ಮನೆಮಾತನ್ನು ಬಿಡಬೇಕಾಗಿಲ್ಲ, ಬಿಡಲೂ ಕೂಡದು. ತುಳುವನ್ನೋ ಕೊಂಕಣಿಯನ್ನೋ ಮಲಯಾಳವನ್ನೋ ತುಂಬಿದ ಬಾಯಿಂದ ಮಾತನಾಡುವ ಮಗುವೇ ಕನ್ನಡವನ್ನೂ ಚೆನ್ನಾಗಿ ಕಲಿಯುತ್ತದೆ.

೮. ವೈದ್ಯರ ಸಲಹೆ ಯಾವಾಗ?

ಮಾತು ತಡವಾದುದಕ್ಕೆಲ್ಲ ಫೋನೇ ಕಾರಣವೆಂದು ತಿಳಿಯಬಾರದು. ಒಂದು ವರ್ಷದ ಸುಮಾರಿಗೆ ಒಂದೆರಡು ಪದ, ಎರಡು ವರ್ಷಕ್ಕೆ “ಅಮ್ಮ ಬಾ”, “ಹಾಲು ಬೇಡ” ಎಂಬಂತೆ ಎರಡು ಪದಗಳ ಜೋಡಣೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದು ಇವು ಸಾಮಾನ್ಯವಾದ ಲಕ್ಷಣಗಳು. ಇವು ಕಾಣದಿದ್ದರೆ, ಅಥವಾ ಕಲಿತ ಮಾತನ್ನು ಮಗು ಮರೆಯುತ್ತ ಬಂದರೆ, “ಇವನ ಅಪ್ಪನೂ ತಡವಾಗಿಯೇ ಮಾತನಾಡಿದ್ದ” ಎಂದು ಕಾಯುತ್ತ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ ಶ್ರವಣ ಪರೀಕ್ಷೆಯನ್ನೂ ಮಾಡಿಸಬೇಕು. ಕಿವಿಯ ದೋಷವೋ ಬೇರೆ ಕೊರತೆಯೋ ಇದ್ದರೆ, ಬೇಗ ಕಂಡಷ್ಟೂ ಚಿಕಿತ್ಸೆಗೆ ಫಲ ಹೆಚ್ಚು. ಅಂಗನವಾಡಿಯ ಕಾರ್ಯಕರ್ತೆಯರಿಂದಲೂ ಈ ವಿಷಯದಲ್ಲಿ ದಾರಿ ತಿಳಿಯಬಹುದು.

ಉಪಸಂಹಾರ

ಫೋನು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಇದೇ ಮಕ್ಕಳು ಮುಂದೆ ಅದರಿಂದ ಓದುತ್ತಾರೆ, ದುಡಿಯುತ್ತಾರೆ. ಅದಕ್ಕೆ ಬೇಕಾದ ವಯಸ್ಸೂ ವೇಳೆಯೂ ಅವರ ಮುಂದಿದೆ. ಮಾತು ಬೆಳೆಯುವ ಮೊದಲ ಐದು ವರ್ಷಗಳಾದರೋ ಮತ್ತೆ ಬರುವುದಿಲ್ಲ. ಗಡಿಯಾರದ ಗಂಟೆಯನ್ನು ಮಾತ್ರ ಎಣಿಸಿ ತೃಪ್ತರಾಗದೆ, ಫೋನಿನಿಂದ ಬಿಡಿಸಿದ ಪ್ರತಿಯೊಂದು ಗಂಟೆಯೂ ಮರುಮಾತನಾಡುವ ಒಬ್ಬ ಮನುಷ್ಯನ ಪಾಲಿಗೆ ಹೋಯಿತೇ ಎಂದು ಪಾಲಕರು ನೋಡಿಕೊಳ್ಳಬೇಕು. ಮನೆಯಲ್ಲಿ ಮರುಮಾತು ಕೇಳಿ ಬೆಳೆದ ಮಕ್ಕಳನ್ನು ನಮಗೆ ಕಳುಹಿಸಿಕೊಡಿರಿ. ಅವರಿಗೆ ಕನ್ನಡದ ಅಕ್ಷರವನ್ನು ಕಲಿಸುವ ಹೊಣೆ ನಮ್ಮದು.

ಪಾಲಕರು ತಮ್ಮಲ್ಲಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

೧. ನಿನ್ನೆಯ ದಿನ ನಮ್ಮ ಮಗು ಎಲ್ಲ ಪರದೆಗಳ ಮುಂದೆ ಒಟ್ಟು ಎಷ್ಟು ಹೊತ್ತು ಇತ್ತು?

೨. ಊಟದ ವೇಳೆಯಲ್ಲಿ, ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಮನೆಯ ಪರದೆಗಳು ಆರಿರುತ್ತವೆಯೇ?

೩. ಮಗು ನಿನ್ನೆ ಕೇಳಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ನಾವು ಅದರ ಮುಖ ನೋಡಿ ಉತ್ತರ ಕೊಟ್ಟೆವು?

೪. ಈ ವಾರ ಮಗುವು ಮನೆಮಂದಿಯ ಬಾಯಿಂದ ಕೇಳಿದ ಕತೆ ಯಾವುದು?

೫. ಮಗುವಿನ ಮುಂದೆ ನಮ್ಮ ಸ್ವಂತ ಫೋನು ಎಷ್ಟು ಹೊತ್ತು ಕೈಯಲ್ಲಿತ್ತು?